ದೂರ ನಿಂತು ಕಲಿತವರು



ಸ್ವಲ್ಪ ಉದ್ದದ ಪೋಸ್ಟ್ ಇದು. ಬಿಡುವಾದಾಗ ಓದಿ, ಆದರೆ ಪೂರ್ತಿ ಓದಿ.

ಕಳೆದ ಭಾನುವಾರ ನಮ್ಮ ಕಡೆ ಒಂದು ಕಾರ್ಯಕ್ರಮ ಇತ್ತು. ಚಳವಳಿಯ ಹಿರಿಯರಿಗೆ ಸನ್ಮಾನ. ವೇದಿಕೆ ಮೇಲೆ ಹನ್ನೊಂದು ಕುರ್ಚಿ, ಹನ್ನೊಂದರಲ್ಲೂ ಗಂಡಸರು. ಎಲ್ಲರೂ ನಾನು ಗೌರವಿಸುವವರೇ, ಅವರ ಹಾಡು, ಭಾಷಣ ಕೇಳಿಯೇ ಬೆಳೆದವಳು ನಾನು. ನನಗೆ ಕೊಟ್ಟಿದ್ದ ಕೆಲಸ ಹಾರ, ಶಾಲು ಇಟ್ಟ ತಟ್ಟೆ ಹಿಡಿದು ಪಕ್ಕದಲ್ಲಿ ನಿಲ್ಲೋದು. ನಿಂತೆ. ಕಾರ್ಯಕ್ರಮ ಮುಗಿದು ಊಟಕ್ಕೆ ಕೂತಾಗ ಸಂಘಟಕರಲ್ಲಿ ಒಬ್ಬ ಹುಡುಗನನ್ನು ಕೇಳಿದೆ, "ಒಬ್ಬ ಹೆಣ್ಣುಮಗಳೂ ಸಿಗಲಿಲ್ವೇನಪ್ಪಾ?" ಅಂತ.

"ಅಕ್ಕಾ, ಆ ಕಾಲದಲ್ಲಿ ನಮ್ಮ ಹೆಣ್ಣುಮಕ್ಕಳು ಕಾಲೇಜಿಗೆ ಬರ್ತಿದ್ದದ್ದೇ ಕಡಿಮೆ. ಬಂದವರೂ ಓದಿಕೊಂಡು, ಕೆಲಸ ಹಿಡಿದು, ಅವರ ಪಾಡಿಗೆ ಅವರು ಹೋದರು. ಚಳವಳಿಯಲ್ಲಿ ಯಾರಿದ್ದರು ನೀವೇ ಹೇಳಿ?" ಅಂದ.

ಅವನ ಮೇಲೆ ನನಗೆ ಕೋಪ ಬರಲಿಲ್ಲ. ಅವನಿಗೆ ಯಾರೂ ಹೇಳಿಲ್ಲ, ಅಷ್ಟೇ. ಆದರೆ ನಾನು ಎಸ್‌ಡಿಎ ಆಗಿ ಕೆಲಸಕ್ಕೆ ಸೇರಿ ಎರಡು ದಶಕ ದಾಟಿತು. ನಮ್ಮ ಕಚೇರಿಯಲ್ಲಿ ಒಂದು ಕಡತ ಕೈಗೆ ಸಿಗಲಿಲ್ಲ ಅಂದರೆ ಕಡತವೇ ಇಲ್ಲ ಅಂತ ಬರೆದು ಸಹಿ ಹಾಕೋ ಹಾಗಿಲ್ಲ. ಯಾವ ಬೀರುವಿನಲ್ಲಿ ಹುಡುಕಿದ್ರಿ ಅಂತ ಮೊದಲು ಕೇಳ್ತಾರೆ. ಆ ತಮ್ಮನಿಗೆ ಅಲ್ಲಿ ಅನ್ನ ಸಾರಿನ ಮುಂದೆ ಹೇಳೋಕಾಗದ ಮಾತನ್ನ ಇಲ್ಲಿ ಹೇಳ್ತಿದ್ದೀನಿ. ಗಲಾಟೆಯ ಕಾಲದಲ್ಲಿ ಕಾಲೇಜು ಓದಿದ ನಮ್ಮ ಹೆಣ್ಣುಮಕ್ಕಳು ಆಮೇಲೆ ಏನಾದರು? ನಾಲ್ಕೈದು ಜನರ ಕಥೆ ಹೇಳ್ತೀನಿ. ಕೆಲವರ ಹೆಸರು ಪುಸ್ತಕದಲ್ಲಿದೆ, ಕೆಲವರದ್ದು ಇಲ್ಲ.

ಮೊದಲು ಕೊಚ್ಚಿಗೆ ಹೋಗೋಣ.

1912ರ ಜುಲೈ 4ರಂದು ಎರ್ನಾಕುಲಂ ಹತ್ತಿರದ ಮುಳವುಕಾಡ್ ಅನ್ನೋ ದ್ವೀಪದಲ್ಲಿ ಪುಲಯ ಜಾತಿಯ ಮನೆಯೊಂದರಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಆಗ ಅಲ್ಲಿ ಪುಲಯರಿಗೆ ಸಾರ್ವಜನಿಕ ರಸ್ತೆಯಲ್ಲಿ ಓಡಾಡೋಕೆ ಬಿಡ್ತಿರಲಿಲ್ಲ. ಮೇಲ್ಜಾತಿಯವರು ಎದುರಿಗೆ ಬಂದರೆ ಇಂತಿಷ್ಟು ದೂರ ಅಂತ ಸರಿದು ನಿಲ್ಲಬೇಕಿತ್ತು. ಹೆಂಗಸರು ಎದೆಯ ಮೇಲೆ ಬಟ್ಟೆ ಹಾಕೋ ಹಾಗಿರಲಿಲ್ಲ. ಆ ಮಗು ಹುಟ್ಟಿದ ಮರುವರ್ಷ, 1913ರಲ್ಲಿ, ಪುಲಯರು ಸಭೆ ಸೇರಬೇಕು ಅಂದುಕೊಂಡಾಗ ನೆಲದ ಮೇಲೆ ಅವರಿಗೆ ಜಾಗ ಇರಲಿಲ್ಲ. ದೋಣಿಗಳನ್ನ ಒಂದಕ್ಕೊಂದು ಕಟ್ಟಿ ಹಿನ್ನೀರಿನ ಮೇಲೆ ಸಭೆ ಮಾಡಿದರು. ಕಾಯಲ್ ಸಮ್ಮೇಳನ ಅಂತ ಅದಕ್ಕೆ ಹೆಸರು. ನೀರಿಗೆ ಯಾರೂ ಸರ್ವೆ ನಂಬರ್ ಹಾಕಿರಲಿಲ್ಲವಲ್ಲ!

ಆ ಮಗುವಿನ ಹೆಸರು ದಾಕ್ಷಾಯಣಿ. ಪುಲಯರ ಹೆಣ್ಣುಮಕ್ಕಳಿಗೆ ಆಗ ಇಡ್ತಿದ್ದ ಹೆಸರುಗಳು ಅಳಗಿ, ಪೂಮಾಲ, ಚಕ್ಕಿ, ಕಾಳಿ. ನಮ್ಮಲ್ಲಿ ಕೆಂಪಿ, ಕರಿಯವ್ವ, ತಿಪ್ಪಕ್ಕ ಇದ್ದ ಹಾಗೆ. ದೇವಿಯ ಹೆಸರು ಇವಳಿಗ್ಯಾಕೆ ಅಂತ ಸುತ್ತಮುತ್ತಲಿನವರು ಕೊಂಕು ಆಡಿದರಂತೆ. ಹೆಸರಿಡುವಾಗಲೇ ಮನೆಯವರು ಜಗಳಕ್ಕೆ ತಯಾರಾಗಿದ್ದರು ಅಂತ ಅರ್ಥ. ಅಣ್ಣ ಕೆ.ಪಿ. ವಳ್ಳೋನ್ ಮುಂದೆ ಪುಲಯರ ನಾಯಕರಾದರು, ಕೊಚ್ಚಿ ಶಾಸನ ಪರಿಷತ್ತಿನ ಸದಸ್ಯರೂ ಆದರು.

ದಾಕ್ಷಾಯಣಿ ಓದುತ್ತಿದ್ದ ವರ್ಷಗಳನ್ನ ಗಮನಿಸಿ. 1924-25ರಲ್ಲಿ ವೈಕಂ ಸತ್ಯಾಗ್ರಹ. 1931-32ರಲ್ಲಿ ಗುರುವಾಯೂರು ಸತ್ಯಾಗ್ರಹ. 1932ರ ಸೆಪ್ಟೆಂಬರಿನಲ್ಲಿ ಪೂನಾ ಒಪ್ಪಂದ, ಬಾಬಾಸಾಹೇಬರ ಕೈ ಕಟ್ಟಿ ಹಾಕಿದ ಒಪ್ಪಂದ. ದೇಶದ ತುಂಬಾ ಅಸ್ಪೃಶ್ಯತೆಯದೇ ಮಾತು. ಅಂಥ ಹೊತ್ತಲ್ಲಿ ಈ ಹುಡುಗಿ ಎರ್ನಾಕುಲಂನ ಮಹಾರಾಜಾಸ್ ಕಾಲೇಜಿನಲ್ಲಿ ಬಿಎಸ್ಸಿ, ಕೆಮಿಸ್ಟ್ರಿ. ಆ ತರಗತಿಗೆ ಅವರೊಬ್ಬರೇ ಹುಡುಗಿ. ಲ್ಯಾಬಿನಲ್ಲಿ ಮೇಲ್ಜಾತಿಯ ಅಧ್ಯಾಪಕರು ಅವರಿಗೆ ಪ್ರಯೋಗ ತೋರಿಸ್ತಿರಲಿಲ್ಲ. ಬೇರೆಯವರಿಗೆ ತೋರಿಸುವಾಗ ಇವರು ದೂರದಲ್ಲಿ ನಿಂತು ನೋಡಿ ನೋಡಿಯೇ ಕಲಿತರು. 1935ರಲ್ಲಿ ಡಿಗ್ರಿ ಮುಗಿಸಿದರು.

ದೂರ ನಿಂತು ಕೆಮಿಸ್ಟ್ರಿ ಕಲಿಯೋದು ಹೇಗಿರುತ್ತೆ ಅಂತ ಒಂದು ನಿಮಿಷ ಯೋಚನೆ ಮಾಡಿ. ಬಣ್ಣ ಬದಲಾಗೋದು ಕಾಣುತ್ತೆ, ವಾಸನೆ ಬರುತ್ತೆ, ಎಷ್ಟು ಹನಿ ಹಾಕಿದರು ಅನ್ನೋದು ಕಾಣಲ್ಲ. ಅದನ್ನ ನೀವೇ ಊಹಿಸಬೇಕು, ಪುಸ್ತಕ ನೋಡಿ ತಾಳೆ ಹಾಕಬೇಕು. ಪಕ್ಕದಲ್ಲಿ ನಿಂತವರಿಗಿಂತ ಎರಡರಷ್ಟು ಗಮನ ಬೇಕು.

ಆಮೇಲೆ ಮದ್ರಾಸಿನಲ್ಲಿ ಶಿಕ್ಷಕ ತರಬೇತಿ, ಹೈಸ್ಕೂಲಿನಲ್ಲಿ ಟೀಚರ್ ಕೆಲಸ. ತ್ರಿಶೂರ್ ಕಡೆ ಶಾಲೆಗೆ ಹೋಗುವಾಗ ಗದ್ದೆಯ ಬದುವಿನ ಮೇಲೆ ಎದುರಿಗೆ ಬಂದ ಮೇಲ್ಜಾತಿ ಹೆಂಗಸು, ಪಕ್ಕಕ್ಕೆ ಇಳಿದು ದಾರಿ ಬಿಡು ಅಂದಳಂತೆ. ಬದು ಕಿರಿದು, ಇಳಿದರೆ ಕೆಸರು. ದಾಕ್ಷಾಯಣಿ ಇಳಿಯಲಿಲ್ಲ. ಬೇಕಾದರೆ ನೀವೇ ಇಳೀರಿ ಅನ್ನೋ ಹಾಗೆ ನಿಂತುಬಿಟ್ಟರು. ಲ್ಯಾಬಿನಲ್ಲಿ ದೂರ ನಿಂತವರು ಬದುವಿನ ಮೇಲೆ ದೂರ ಸರಿಯಲಿಲ್ಲ. ಮಧ್ಯೆ ಏನು ಬದಲಾಗಿತ್ತು? ಡಿಗ್ರಿ ಒಂದೇ ಅಲ್ಲ. ಡಿಗ್ರಿ ಓದುವಾಗ ಕಾಲೇಜಿನ ಗೇಟಿನಾಚೆ ನಡೀತಿದ್ದದ್ದು ಅವರ ಬೆನ್ನಿಗೆ ನಿಂತಿತ್ತು.

1945ರಲ್ಲಿ ಕೊಚ್ಚಿ ಶಾಸನ ಪರಿಷತ್ತಿಗೆ ನಾಮಕರಣ, 1946ರಲ್ಲಿ ಸಂವಿಧಾನ ಸಭೆಗೆ ಆಯ್ಕೆ. ಆಗ ಅವರಿಗೆ 34 ವರ್ಷ. ಆ ಸಭೆಯಲ್ಲಿದ್ದ 15 ಮಹಿಳೆಯರಲ್ಲಿ ದಲಿತ ಮಹಿಳೆ ಅವರೊಬ್ಬರೇ. ಕೆಮಿಸ್ಟ್ರಿ ತರಗತಿಯ ಹಾಗೆ ಇಲ್ಲೂ ಒಬ್ಬರೇ. ಆದರೆ ಇಲ್ಲಿ ಮೂಲೆಯಲ್ಲಿ ನಿಲ್ಲಲಿಲ್ಲ, ಎದ್ದು ನಿಂತು ಮಾತಾಡಿದರು. 1948ರ ನವೆಂಬರ್ 29ರಂದು ಅಸ್ಪೃಶ್ಯತೆಯನ್ನ ರದ್ದು ಮಾಡುವ ವಿಧಿ, ಇವತ್ತಿನ 17ನೇ ವಿಧಿ, ಚರ್ಚೆಗೆ ಬಂದಾಗ ಅವರು ಆಡಿದ ಮಾತಿನ ಸಾರ ಇದು: ಸಂವಿಧಾನ ಹೇಗೆ ನಡೆಯುತ್ತೆ ಅನ್ನೋದು ಕಾನೂನಿನ ಜಾರಿಗಿಂತ ಜನ ಮುಂದೆ ಹೇಗೆ ನಡೆದುಕೊಳ್ಳುತ್ತಾರೆ ಅನ್ನೋದರ ಮೇಲೆ ನಿಂತಿದೆ. ಕಾನೂನು ಬರೆಯುವ ಜಾಗದಲ್ಲೇ ನಿಂತು ಕಾನೂನಿನ ಮಿತಿ ಹೇಳಿದರು. ಗದ್ದೆ ಬದುವಿನ ಮೇಲೆ ನಿಂತವರಿಗೆ ಮಾತ್ರ ಬರೋ ಮಾತು ಅದು ಅನ್ನಿಸುತ್ತೆ ನನಗೆ.

ಒಂದು ವಿಷಯ ಮುಚ್ಚಿಡಬಾರದು. ದಾಕ್ಷಾಯಣಿಯವರು ಗಾಂಧಿ ಪ್ರಭಾವದಲ್ಲಿದ್ದವರು. 1940ರಲ್ಲಿ ಅವರ ಮದುವೆ ಆಗಿದ್ದೇ ವಾರ್ಧಾದಲ್ಲಿ, ಗಾಂಧಿಯವರ ಎದುರಿನಲ್ಲಿ. ಪ್ರತ್ಯೇಕ ಮತಕ್ಷೇತ್ರವನ್ನ ಅವರು ವಿರೋಧಿಸಿದರು, ಬಾಬಾಸಾಹೇಬರ ದಾರಿಗೂ ಅವರ ದಾರಿಗೂ ವ್ಯತ್ಯಾಸ ಇತ್ತು. ನಮ್ಮ ಸಭೆಗಳಲ್ಲಿ ಅವರ ಹೆಸರು ಅಷ್ಟಾಗಿ ಕೇಳಿಬರದೇ ಇರೋಕೆ ಇದೂ ಒಂದು ಕಾರಣ ಇರಬಹುದು. ನನಗೂ ಅವರ ಆ ನಿಲುವು ಒಪ್ಪಿಗೆ ಇಲ್ಲ. ಒಪ್ಪಿಗೆ ಇಲ್ಲದ ಗಂಡಸರ ಫೋಟೋಗಳನ್ನೂ ನಾವು ಬ್ಯಾನರ್ ಮೇಲೆ ಹಾಕ್ತೀವಿ ಅನ್ನೋದು ಮಾತ್ರ ನೆನಪಿರಲಿ. ಅಧಿಕಾರದ ಹಾದಿಯಿಂದ ಪಕ್ಕಕ್ಕೆ ಸರಿದ ಮೇಲೂ ಅವರು ಸುಮ್ಮನೆ ಕೂರಲಿಲ್ಲ. 1977ರಲ್ಲಿ ದೆಹಲಿಯಲ್ಲಿ ಮಹಿಳಾ ಜಾಗೃತಿ ಪರಿಷತ್ ಕಟ್ಟಿದರು. ಮರುವರ್ಷ, 1978ರ ಜುಲೈ 20ರಂದು ತೀರಿಕೊಂಡರು.

ಈಗ ನಾಗಪುರ. ದಾಕ್ಷಾಯಣಿಯವರು ಶಾಲೆಯಲ್ಲಿ ಪಾಠ ಮಾಡ್ತಿದ್ದ ಕಾಲದಲ್ಲೇ, 1942ರ ಜುಲೈನಲ್ಲಿ, ನಾಗಪುರದಲ್ಲಿ ಅಖಿಲ ಭಾರತ ಶೋಷಿತ ವರ್ಗಗಳ ಸಮ್ಮೇಳನ ಆಯಿತು. ಅದರ ಜೊತೆಗೇ ಜುಲೈ 20ರಂದು ಮಹಿಳೆಯರದ್ದೇ ಸಮ್ಮೇಳನ. ಅಧ್ಯಕ್ಷತೆ ಸುಲೋಚನಾ ಡೋಂಗ್ರೆ ಅವರದ್ದು, ಭಾಷಣಕ್ಕೆ ಬಾಬಾಸಾಹೇಬರು. ಸಾವಿರಾರು ಹೆಣ್ಣುಮಕ್ಕಳು ಸೇರಿದ್ದರು. ಅವತ್ತಿನ ನಿರ್ಣಯಗಳಲ್ಲಿ ವಿಚ್ಛೇದನದ ಹಕ್ಕು ಇತ್ತು, ಬಹುಪತ್ನಿತ್ವದ ವಿರೋಧ ಇತ್ತು, ಗಿರಣಿಯಲ್ಲಿ ದುಡಿಯೋ ಹೆಂಗಸರ ರಜೆಯ ಮಾತಿತ್ತು, ನಮ್ಮ ಹುಡುಗಿಯರಿಗೆ ಹಾಸ್ಟೆಲ್ ಕೊಡಿ ಅನ್ನೋ ಬೇಡಿಕೆ ಇತ್ತು. ನೋಡಿ, ಬರಹ ಬಾರದ ಹೆಣ್ಣುಮಕ್ಕಳು ಮುಂದೆ ಹುಟ್ಟೋ ಹೆಣ್ಣುಮಕ್ಕಳಿಗಾಗಿ ಹಾಸ್ಟೆಲ್ ಕೇಳ್ತಿದ್ದಾರೆ. ಇವತ್ತು ಎಸ್‌ಸಿ ಎಸ್‌ಟಿ ಹಾಸ್ಟೆಲಿನ ಅನ್ನ ತಿಂದು ಬಂದ ನಾವೆಲ್ಲ ಆ ನಿರ್ಣಯದ ಸಾಲ ಹೊತ್ತವರೇ.

ಅದೇ ನಾಗಪುರದಲ್ಲಿ 1938ರಲ್ಲಿ ಹುಟ್ಟಿದ ಮಹಾರ್ ಹುಡುಗಿ ಕುಮುದ್ ಸೋಮಕುವರ್. 1956ರ ಅಕ್ಟೋಬರ್ 14ರಂದು ಅದೇ ಊರಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರ ಜೊತೆ ಬೌದ್ಧ ಧಮ್ಮ ಸ್ವೀಕರಿಸಿದರು. ಆಗ ಕುಮುದ್‌ಗೆ ಹದಿನೆಂಟರ ಆಸುಪಾಸು. ಊರಿಗೆ ಊರೇ ಹಳೇ ದೇವರನ್ನ ಮನೆಯಿಂದ ಹೊರಗಿಡ್ತಿದ್ದ ಕಾಲ. ಆ ಹುಡುಗಿ ಓದೋಕೆ ಆರಿಸಿಕೊಂಡ ವಿಷಯ ಯಾವುದು ಗೊತ್ತಾ? ಸಂಸ್ಕೃತ.

ಬಾಬಾಸಾಹೇಬರು ಶಾಲೆಯಲ್ಲಿ ಸಂಸ್ಕೃತ ಬೇಕು ಅಂದಾಗ ಕೊಡಲಿಲ್ಲ, ಪರ್ಷಿಯನ್ ತಗೊಳ್ಳಬೇಕಾಯಿತು. ಅವರಿಗೆ ಮುಚ್ಚಿದ ಬಾಗಿಲನ್ನ ಕುಮುದ್ ತಟ್ಟಿದರು. ಪಾಠ ಹೇಳಿದವರು ಗೋಖಲೆ ಗುರೂಜಿ ಅನ್ನೋ ಸಂಪ್ರದಾಯಸ್ಥ ಬ್ರಾಹ್ಮಣ ಮೇಷ್ಟ್ರು. ಸಂಪ್ರದಾಯಸ್ಥರಾದರೂ ಈ ಹುಡುಗಿಗೆ ಜಾತಿ ನೋಡದೆ ಕಲಿಸಿದರು ಅಂತ ಕುಮುದ್ ಅವರೇ ಕೃತಜ್ಞತೆಯಿಂದ ಬರೆದಿದ್ದಾರೆ. ಕಲಿಸದವರ ಹೆಸರು ಹೇಳೋ ನಾವು ಕಲಿಸಿದವರ ಹೆಸರನ್ನೂ ಹೇಳಬೇಕು.

ಸಂಸ್ಕೃತದಲ್ಲಿ ಎಂಎ ಆಯಿತು. ಕೆಲಸ ಸಿಗಲಿಲ್ಲ. ಸಂದರ್ಶನಕ್ಕೆ ಹೋದರೆ ಜಾತಿ ಅಡ್ಡ ಬಂತು. ಜಗಜೀವನ ರಾಮ್ ಅವರಿಗೆ ಪತ್ರ ಬರೆದರು, ವಿಷಯ ನೆಹರೂ ಅವರ ತನಕ ಹೋಯಿತು. ಆದರೂ ನೇಮಕಾತಿ ಆದೇಶ ಬಂದದ್ದು ಯಾವಾಗ? ಕುಣಬಿ ಜಾತಿಯ ಮೋತಿರಾಂ ಪಾವಡೆಯವರನ್ನ ಮದುವೆಯಾಗಿ ಕುಮುದ್ ಪಾವಡೆ ಆದ ಮೇಲೆ. ಡಿಗ್ರಿ ಅದೇ, ಅಂಕಪಟ್ಟಿ ಅದೇ, ಹೆಸರಿನ ಕೊನೆ ಮಾತ್ರ ಬೇರೆ. ಕೆಲಸ ಸಿಕ್ಕಿದ್ದು ಕುಮುದ್ ಸೋಮಕುವರ್‌ಗಲ್ಲ, ಕುಮುದ್ ಪಾವಡೆಗೆ ಅನ್ನೋ ಅರ್ಥದಲ್ಲಿ ಅವರು ಬರೆದಿರೋದನ್ನ ಓದಿ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತಿದ್ದೆ. ನಮ್ಮ ಕಚೇರಿಯಲ್ಲಿ ಅರ್ಜಿ ಮೇಲಿನ ಹೆಸರು, ಅಡ್ಡಹೆಸರು ನೋಡಿ ಕಡತ ಯಾವ ವೇಗದಲ್ಲಿ ಹೋಗುತ್ತೆ ಅನ್ನೋದನ್ನ ದಿನಾ ಕಾಣೋಳು ನಾನು.

ಕುಮುದ್ ಪಾವಡೆ ಅಷ್ಟಕ್ಕೇ ನಿಲ್ಲಲಿಲ್ಲ. 1981ರಲ್ಲಿ 'ಅಂತಃಸ್ಫೋಟ' ಬರೆದರು. 1995ರಲ್ಲಿ ದಲಿತ ಮಹಿಳೆಯರ ರಾಷ್ಟ್ರೀಯ ಒಕ್ಕೂಟ ಹುಟ್ಟಿದಾಗ ಅದನ್ನ ಕಟ್ಟಿದವರಲ್ಲಿ ಅವರೂ ಒಬ್ಬರು. ಆ ಒಕ್ಕೂಟದ ಮುಂದಾಳು ನಮ್ಮ ಬೆಂಗಳೂರಿನ ರೂತ್ ಮನೋರಮಾ. ಅವರೂ ಎಪ್ಪತ್ತರ ದಶಕದಲ್ಲಿ ಮದ್ರಾಸಿನಲ್ಲಿ ಸಮಾಜಕಾರ್ಯ ಓದಿ ಬಂದವರು. ಆ ಓದನ್ನ ಬೆಂಗಳೂರಿನ ಕೊಳೆಗೇರಿಗಳಿಗೆ, ಮನೆಗೆಲಸದ ಹೆಂಗಸರ ಸಂಘಟನೆಗೆ ತಂದವರು.

ಮಹಾರಾಷ್ಟ್ರದಲ್ಲೇ ಇನ್ನೊಂದು ಮುಖ ಇದೆ. 1978ರ ಜುಲೈ 27ರಂದು ಮರಾಠವಾಡ ವಿಶ್ವವಿದ್ಯಾಲಯಕ್ಕೆ ಬಾಬಾಸಾಹೇಬರ ಹೆಸರಿಡಬೇಕು ಅಂತ ಅಲ್ಲಿನ ಶಾಸಕಾಂಗ ನಿರ್ಣಯ ಮಾಡಿತು. ಒಂದು ಹೆಸರಿಗಾಗಿ ಮರಾಠವಾಡದ ಹಳ್ಳಿಗಳಲ್ಲಿ ನಮ್ಮವರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಕೊನೆಗೆ ಹೆಸರು ಬದಲಾದದ್ದು 1994ರ ಜನವರಿ 14ರಂದು. ಲೆಕ್ಕ ಹಾಕಿ, 15 ವರ್ಷಕ್ಕೂ ಹೆಚ್ಚು. ಆ ಚಳವಳಿ ಶುರುವಾದಾಗ ಹುಟ್ಟಿದ ಹೆಣ್ಣುಮಗು ಅದು ಮುಗಿಯೋ ಹೊತ್ತಿಗೆ ಹೈಸ್ಕೂಲಿನಲ್ಲಿತ್ತು.

ಈ ಕಾಲದಲ್ಲೇ ಊರ್ಮಿಳಾ ಪವಾರ್ ಮುಂಬೈನಲ್ಲಿದ್ದರು. ರತ್ನಾಗಿರಿ ಕಡೆಯವರು, ಅವರ ತಾಯಿ ಬಿದಿರಿನ ಬುಟ್ಟಿ ಹೆಣೆದು ಮಕ್ಕಳನ್ನ ಓದಿಸಿದರು. ಊರ್ಮಿಳಾ ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ ಮಾಡುತ್ತಾ, ಮನೆ ಮಕ್ಕಳನ್ನ ನೋಡಿಕೊಳ್ಳುತ್ತಾ, ಗಂಡನ ಅಸಮಾಧಾನ ಸಹಿಸಿಕೊಂಡು ಮರಾಠಿಯಲ್ಲಿ ಎಂಎ ಮಾಡಿದರು. ಆ ಓದನ್ನ ಅವರು ಏನಕ್ಕೆ ಬಳಸಿದರು? ಮೀನಾಕ್ಷಿ ಮೂನ್ ಜೊತೆ ಸೇರಿ ಊರೂರು ತಿರುಗಿ, ಅಂಬೇಡ್ಕರ್ ಚಳವಳಿಯಲ್ಲಿದ್ದ ಅಜ್ಜಿಯರನ್ನ ಹುಡುಕಿ, ಅವರ ಮಾತು ಬರೆದುಕೊಂಡರು. 1989ರಲ್ಲಿ ಅದು ಪುಸ್ತಕ ಆಯಿತು. ಶೀರ್ಷಿಕೆಯ ಅರ್ಥ, ನಾವೂ ಇತಿಹಾಸ ಕಟ್ಟಿದೆವು. 1942ರ ನಾಗಪುರದಂಥ ಸಭೆಗಳಲ್ಲಿ ಇದ್ದ ಹೆಣ್ಣುಮಕ್ಕಳ ಬಗ್ಗೆ ಇವತ್ತು ನಾವು ಮಾತಾಡೋಕೆ ಆಗ್ತಿರೋದು ಆ ಇಬ್ಬರು ನಡೆದ ನಡಿಗೆಯಿಂದ. ಅವರೂ ಕೈಗೆ ಸಿಗಲಿಲ್ಲ ಅಂತ ಸಹಿ ಹಾಕಿ ಕಳಿಸಿದ್ದರೆ ಆ ಅಜ್ಜಿಯರೂ ಇರಲೇ ಇಲ್ಲ ಅಂತ ಆಗ್ತಿತ್ತು.

ನಮ್ಮ ಕರ್ನಾಟಕಕ್ಕೆ ಬರೋಣ. ಇಲ್ಲಿ ನನ್ನ ಹತ್ತಿರ ಪುಸ್ತಕ ಇಲ್ಲ, ಒಬ್ಬ ಅಕ್ಕ ಇದ್ದಾರೆ.

1973ರ ನವೆಂಬರ್. ದೇವರಾಜ ಅರಸು ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಆಮೇಲೆ ನಡೆದದ್ದು ನಿಮಗೆಲ್ಲ ಗೊತ್ತು. ಕಾಲೇಜು ಹುಡುಗರು ಬೀದಿಗಿಳಿದರು, ದಲಿತ ವಿದ್ಯಾರ್ಥಿಗಳ ಮೇಲೆ, ಹಾಸ್ಟೆಲುಗಳ ಮೇಲೆ ದಾಳಿ ಆಯಿತು, ಬಸವಲಿಂಗಪ್ಪನವರು ರಾಜೀನಾಮೆ ಕೊಡಬೇಕಾಯಿತು. ಆ ಏಟು ತಿಂದ ತಲೆಮಾರೇ ಮುಂದೆ ದಲಿತ ಸಂಘರ್ಷ ಸಮಿತಿ ಕಟ್ಟಿತು. ಇದು ನಾವು ಹೇಳುವ ಇತಿಹಾಸ, ಸರಿಯಾದ ಇತಿಹಾಸವೇ.

ನಾನು ಹೇಳ್ತಿರೋ ಅಕ್ಕ ಆಗ ಮೈಸೂರಿನಲ್ಲಿ ಪಿಯುಸಿ. ಅಶೋಕಪುರದಲ್ಲಿ ದೊಡ್ಡಪ್ಪನ ಮನೆಯಲ್ಲಿದ್ದುಕೊಂಡು ಓದ್ತಿದ್ದರು. ಗಲಾಟೆ ಶುರುವಾದ ಮೂರನೇ ದಿನ ಊರಿಂದ ಅಪ್ಪ ಬಂದರಂತೆ. "ಪುಸ್ತಕ ಕಟ್ಟಮ್ಮ, ಹೋಗಣ" ಅಂದರಂತೆ. ಅದೇ ಮನೆಯಲ್ಲಿದ್ದ ದೊಡ್ಡಪ್ಪನ ಮಗ, ಇವರಿಗಿಂತ ಒಂದೇ ವರ್ಷ ದೊಡ್ಡವನು, ಉಳಿದ. ಮೆರವಣಿಗೆಗೆ ಹೋದ, ಏಟು ತಿಂದ, ಭಾಷಣ ಕಲಿತ, ಲೀಡರ್ ಆದ. ಇವರು ಬಸ್ ಹತ್ತಿದರು. "ನನಗೂ ಅವನಿಗೂ ಒಂದೇ ಸಿಟ್ಟು ಇತ್ತು ಕಣಮ್ಮಾ. ಅವನ ಸಿಟ್ಟಿಗೆ ರೋಡ್ ಸಿಕ್ತು, ನನ್ನದಕ್ಕೆ ಸಿಗಲಿಲ್ಲ" ಅಂತ ಒಂದು ಸಲ ನನ್ನ ಹತ್ತಿರ ಹೇಳಿದರು.

ಅಕ್ಕ ಊರಲ್ಲಿ ಒಂದೂವರೆ ವರ್ಷ ಕೂಲಿ ಮಾಡಿದರು. ಮನೆಯವರ ಹತ್ತಿರ ಹಟ ಹಿಡಿದು ಮತ್ತೆ ಪರೀಕ್ಷೆ ಕಟ್ಟಿ, ಟಿಸಿಎಚ್ ಮಾಡಿ, ಪ್ರೈಮರಿ ಶಾಲೆ ಟೀಚರ್ ಆದರು. ಬಿಎ ಮಾಡಿದ್ದು ಆಮೇಲೆ, ಅಂಚೆ ಮೂಲಕ. ಮೂವತ್ತು ವರ್ಷದ ಮೇಲೆ ಸರ್ವಿಸ್. ಪೋಸ್ಟಿಂಗ್ ಆದ ಪ್ರತಿ ಊರಲ್ಲೂ ಮೊದಲ ವಾರ ಮಾಡ್ತಿದ್ದ ಕೆಲಸ ಒಂದೇ. ಸಂಜೆ ಕೇರಿಗೆ ಹೋಗಿ ಐದು ವರ್ಷ ದಾಟಿದ ಹೆಣ್ಣುಮಕ್ಕಳ ಪಟ್ಟಿ ಬರೆಯೋದು. ಅಡ್ಮಿಷನ್ ರಿಜಿಸ್ಟರಿನಲ್ಲಿ ಕೆಂಪಿ, ಕರಿಯವ್ವಗಳ ಹೆಸರು ತಪ್ಪಿಲ್ಲದೆ, ಹುಟ್ಟಿದ ತಾರೀಖಿನ ಸಮೇತ ಬರೆಯೋದು. ಆ ತಾರೀಖು ಸರಿ ಇದ್ದಿದ್ದರಿಂದಲೇ ಎಷ್ಟು ಹುಡುಗಿಯರ ಬಾಲ್ಯವಿವಾಹ ನಿಂತಿತೋ, ಎಷ್ಟು ಜನಕ್ಕೆ ಜಾತಿ ಸರ್ಟಿಫಿಕೇಟ್, ಸ್ಕಾಲರ್‌ಶಿಪ್ ಸಲೀಸಾಯಿತೋ. ಬಿಸಿಯೂಟ ಬಂದ ಹೊಸದರಲ್ಲಿ ಒಂದೂರಲ್ಲಿ ನಮ್ಮ ಮಕ್ಕಳಿಗೆ ಬೇರೆ ಸಾಲು ಮಾಡಿದಾಗ, ಅಕ್ಕ ತಟ್ಟೆ ಹಿಡಿದುಕೊಂಡು ಬೇರೆ ಜಾತಿ ಮಕ್ಕಳ ಸಾಲಿನ ಮಧ್ಯೆ ಹೋಗಿ ಕೂತರು. ಅಡಿಗೆಯವಳು ಬಡಿಸಲಿಲ್ಲ. ಅಕ್ಕ ಏಳಲಿಲ್ಲ. ಮೂರು ದಿನ ಹಾಗೇ ನಡೀತು. ನಾಲ್ಕನೇ ದಿನ ಸಾಲು ಒಂದಾಯಿತು. ಪೇಪರಿನಲ್ಲಿ ಬರಲಿಲ್ಲ, ಯಾವ ಸಂಘಟನೆಯ ವರದಿಯಲ್ಲೂ ಇಲ್ಲ.

ಭಾನುವಾರದ ಕಾರ್ಯಕ್ರಮಕ್ಕೆ ಈ ಅಕ್ಕ ಬಂದಿದ್ದರು. ಮೂರನೇ ಸಾಲಿನಲ್ಲಿ ಕೂತು ಎಲ್ಲರಿಗೂ ಚಪ್ಪಾಳೆ ತಟ್ಟಿದರು. ಸನ್ಮಾನ ಆದ ಹನ್ನೊಂದು ಜನರಲ್ಲಿ ಅವರ ದೊಡ್ಡಪ್ಪನ ಮಗನೂ ಒಬ್ಬರು.

ಇನ್ನು ನನ್ನ ಮಾತು. ಇದನ್ನ ಬರೆಯೋದೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

2000ದ ಮಾರ್ಚ್ 11. ಆಗ ಕೋಲಾರ ಜಿಲ್ಲೆಯಲ್ಲಿದ್ದ ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಜನರನ್ನ ಜೀವಂತ ಸುಟ್ಟರು. ನಾನು ಅದೇ ಜಿಲ್ಲೆಯಲ್ಲಿ ಕೊನೆ ವರ್ಷದ ಬಿಎ, ಹುಡುಗಿಯರ ಹಾಸ್ಟೆಲಿನಲ್ಲಿದ್ದೆ. ನಮ್ಮ ರೂಮಿನಲ್ಲಿ ಐದು ಜನ. ಸುದ್ದಿ ಬಂದ ರಾತ್ರಿ ಯಾರೂ ಉಣ್ಣಲಿಲ್ಲ. ಹುಡುಗರ ಹಾಸ್ಟೆಲಿನವರು ಮೆರವಣಿಗೆ ಹೊರಟರು. ನಾವೂ ಬರ್ತೀವಿ ಅಂದಾಗ ವಾರ್ಡನ್ ಗೇಟಿಗೆ ಬೀಗ ಹಾಕಿದರು. "ಹೆಣ್ಣುಮಕ್ಕಳಿಗೆ ಏನಾದರೂ ಆದರೆ ನಿಮ್ಮಪ್ಪಂದಿರಿಗೆ ನಾನು ಏನು ಹೇಳಲಿ?" ಅಂದರು. ಅವರ ಭಯ ಸುಳ್ಳಲ್ಲ, ಈಗ ಅರ್ಥ ಆಗುತ್ತೆ. ನಾವು ಹಳೇ ಬೆಡ್‌ಶೀಟ್ ಹರಿದು ರಾತ್ರಿಯೆಲ್ಲ ಬ್ಯಾನರ್ ಬರೆದೆವು. ಕಾಂಪೌಂಡಿನ ಮೇಲಿಂದ ಹುಡುಗರ ಕೈಗೆ ಕೊಟ್ಟೆವು. ಮರುದಿನ ಪೇಪರಿನ ಫೋಟೋದಲ್ಲಿ ನಮ್ಮ ಅಕ್ಷರ ಇತ್ತು. ಹಿಡಿದ ಕೈಗಳು ಬೇರೆ ಇದ್ದವು. ಎರಡನೇ ಮೆರವಣಿಗೆಗೆ ನಮ್ಮಲ್ಲಿ ಇಬ್ಬರು ಹೇಗೋ ಹೋದರು. ಅದರಲ್ಲಿ ಒಬ್ಬಳ ಅಪ್ಪನಿಗೆ ಯಾರೋ ಸುದ್ದಿ ಮುಟ್ಟಿಸಿದರು. ಅಪ್ಪ ಬಂದು ಕರಕೊಂಡು ಹೋದರು. ಪರೀಕ್ಷೆಗೆ ಅವಳು ಬರಲಿಲ್ಲ. ಮೇ ತಿಂಗಳಲ್ಲಿ ಮದುವೆ ಆಗಿಹೋಗಿತ್ತು.

ಮೈಸೂರಿನ ಬಸ್ಸು, ಇಪ್ಪತ್ತಾರು ವರ್ಷ ಆದ ಮೇಲೂ ಅದೇ ಬಸ್ಸು.

ಆ ಐದು ಜನ ಈಗ ಏನಾಗಿದ್ದೀವಿ? ಹೆಸರು ಹಾಕಲ್ಲ. ಪರೀಕ್ಷೆಗೆ ಬರದವಳು ತನ್ನ ಗಂಡನ ಊರಲ್ಲಿ ಅಂಗನವಾಡಿ ಕಾರ್ಯಕರ್ತೆ. ಎರಡೂ ಹೆಣ್ಣುಮಕ್ಕಳನ್ನ ಡಿಗ್ರಿ ಓದಿಸಿದಳು, ದೊಡ್ಡವಳು ಈಗ ಎಲ್‌ಎಲ್‌ಬಿ. ಇನ್ನೊಬ್ಬಳು ಬಿಎಡ್ ಮಾಡಿ ಹೈಸ್ಕೂಲ್ ಟೀಚರ್. ಮೂರನೆಯವಳಿಗೆ ಡಿಗ್ರಿ ಇದ್ದೂ ಕೆಲಸ ಸಿಗಲಿಲ್ಲ. ಪೀಣ್ಯದಲ್ಲಿ ಗಾರ್ಮೆಂಟ್ಸ್ ಸೇರಿದಳು, ಅಲ್ಲಿ ಯೂನಿಯನ್ ಕಟ್ಟಿ ಕೆಲಸ ಕಳಕೊಂಡಳು, ಇನ್ನೊಂದು ಫ್ಯಾಕ್ಟರಿಗೆ ಸೇರಿ ಮತ್ತೆ ಯೂನಿಯನ್ ಕಟ್ಟಿದಳು. ನಾಲ್ಕನೆಯವಳು ಪೊಲೀಸ್.

ಪೊಲೀಸ್ ಆದವಳ ಮಾತು ಹೇಳಲೇಬೇಕು. 2006ರಲ್ಲಿ ಕಂಬಾಲಪಲ್ಲಿ ಕೇಸಿನ ಆರೋಪಿಗಳೆಲ್ಲ ಖುಲಾಸೆ ಆದರು. ಸಾಕ್ಷಿಗಳು ತಿರುಗಿಬಿದ್ದಿದ್ದರು. ಅವತ್ತು ಸಂಜೆ ಅವಳು ಫೋನ್ ಮಾಡಿದಳು. ಇಬ್ಬರೂ ತುಂಬ ಹೊತ್ತು ಏನೂ ಮಾತಾಡಲಿಲ್ಲ. ಕೊನೆಗೆ ಅವಳು ಅಂದದ್ದು ಇಷ್ಟು, "ಇನ್ನ ಮೇಲೆ ನಾನು ಬರೆಯೋ ಹೇಳಿಕೆ ಕೋರ್ಟಿನಲ್ಲಿ ಬೀಳಬಾರದು ಕಣೇ." 2014ರಲ್ಲಿ ಹೈಕೋರ್ಟ್ ಕೂಡ ಖುಲಾಸೆಯನ್ನ ಎತ್ತಿಹಿಡಿಯಿತು. ಅವಳ ಸ್ಟೇಷನ್ನಿಗೆ ದೌರ್ಜನ್ಯದ ದೂರು ಬಂದರೆ ಅವಳು ಡ್ಯೂಟಿ ಮುಗಿದರೂ ಎದ್ದು ಹೋಗಲ್ಲ. ಬಂದ ಹೆಂಗಸು ಅಳು ನಿಲ್ಲಿಸೋ ತನಕ ಕಾದು, ಅವಳಾಡಿದ ಮಾತಿನಲ್ಲೇ ಬರೆದು, ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಹಾಕಿಸುತ್ತಾಳೆ. ಇದಕ್ಕಾಗಿ ಬೈಸಿಕೊಂಡಿದ್ದಾಳೆ, ಎರಡು ಸಲ ವರ್ಗ ಆಗಿದ್ದಾಳೆ. ಅವಳು ಯಾವ ವೇದಿಕೆಯನ್ನೂ ಹತ್ತೋ ಹಾಗಿಲ್ಲ, ನೌಕರಿ ನಿಯಮ.

ಐದನೆಯವಳು ನಾನು. ನನ್ನದು ದೊಡ್ಡ ಕಥೆ ಏನಿಲ್ಲ. ನನ್ನ ಟೇಬಲ್ಲಿಗೆ ಬಂದ ಸ್ಕಾಲರ್‌ಶಿಪ್ ಅರ್ಜಿ ಅವತ್ತೇ ಇನ್‌ವರ್ಡ್ ಆಗುತ್ತೆ. ದಾಖಲೆ ಕಡಿಮೆ ಇದ್ದರೆ ವಾಪಸ್ ಎಸೆಯದೆ ಆ ಮಗುವಿಗೆ ಫೋನ್ ಮಾಡ್ತೀನಿ. ಅಷ್ಟೇ. ಆದರೆ ಪ್ರತಿ ಅರ್ಜಿ ಮೇಲೆ ಸೀಲ್ ಒತ್ತುವಾಗ ಆ ರಾತ್ರಿಯ ಬೆಡ್‌ಶೀಟ್ ನೆನಪಾಗುತ್ತೆ ಅಂದರೆ ನಂಬಿ.

ಈಗ ಆ ತಮ್ಮನ ಪ್ರಶ್ನೆಗೆ ಬರ್ತೀನಿ. ಓದಿ, ಕೆಲಸ ಹಿಡಿದು, ಅವರ ಪಾಡಿಗೆ ಅವರು ಹೋದರು ಅಂದೆಯಲ್ಲಪ್ಪಾ. ಹೋದದ್ದು ಎಲ್ಲಿಗೆ ಅಂತ ನೋಡು. ಗಲಾಟೆಯ ಕಾಲ ಗಂಡುಹುಡುಗನಿಗೆ ಬೀದಿ ತೋರಿಸಿತು, ಹೆಣ್ಣುಹುಡುಗಿಯನ್ನ ಮನೆಗೆ ಕಳಿಸಿತು. ಮನೆಯಿಂದ ಮತ್ತೆ ಹೊರಗೆ ಬರೋಕೆ ಅವಳಿಗಿದ್ದ ಒಂದೇ ದಾರಿ ಉದ್ಯೋಗ. ಶಾಲೆ, ಆಸ್ಪತ್ರೆ, ಅಂಗನವಾಡಿ, ಸ್ಟೇಷನ್, ಕಚೇರಿ. ಕಾಲೇಜಿನ ದಿನಗಳ ಸಿಟ್ಟನ್ನ ಅವಳು ಅಲ್ಲಿಗೆ ಹೊತ್ತುಕೊಂಡು ಹೋದಳು. ಸಂಘಟನೆ ಕಟ್ಟಿದ ನಮ್ಮ ಎಷ್ಟೋ ಹಿರಿಯರ ಮನೆ ನಡೆದದ್ದು ಅಂಥ ಒಬ್ಬ ಟೀಚರ್, ಒಬ್ಬ ನರ್ಸ್ ತಂದ ಸಂಬಳದಿಂದ. ಅವರು ಜೈಲಿಗೆ ಹೋದಾಗ ಮಕ್ಕಳ ಫೀಸು ಕಟ್ಟಿದ್ದು ಆ ಸಂಬಳ. ಅದು ಚಳವಳಿ ಅಲ್ಲದೆ ಇನ್ನೇನು? ಗಂಡಸರ ಹೋರಾಟದ ದಾಖಲೆ ಕರಪತ್ರದಲ್ಲಿದೆ, ಪೇಪರಿನ ಫೋಟೋದಲ್ಲಿದೆ. ಹೆಣ್ಣುಮಕ್ಕಳದ್ದು ಅಡ್ಮಿಷನ್ ರಿಜಿಸ್ಟರಿನಲ್ಲಿ, ಎಫ್‌ಐಆರ್ ಪ್ರತಿಯಲ್ಲಿ, ಸರ್ವಿಸ್ ರಿಜಿಸ್ಟರಿನಲ್ಲಿದೆ. ಬೇರೆ ಬೀರು ತೆಗೆಯಬೇಕು.

ಎಲ್ಲರೂ ಹೀಗೇ ಆದರು ಅಂತ ನಾನು ಹೇಳ್ತಿಲ್ಲ. ಬಸ್ ಹತ್ತಿ ಹೋಗಿ ವಾಪಸ್ ಬಾರದವರೇ ಹೆಚ್ಚು. ಡಿಗ್ರಿ ಸಿಕ್ಕ ಮೇಲೆ ಕೇರಿಯ ಕಡೆ ತಿರುಗಿ ನೋಡದವರೂ ಇದ್ದಾರೆ, ಗಂಡಸರಲ್ಲಿ ಇಲ್ವಾ, ಹಾಗೆ. ಆದರೆ ಲೆಕ್ಕವೇ ಬರೆಯದೆ ಯಾರೂ ಇರಲಿಲ್ಲ ಅನ್ನೋದು ಬೇಡ.

ಒಂದೇ ಕೋರಿಕೆ. ಇದನ್ನ ಓದಿದವರು ಲೈಕ್ ಒತ್ತಿ ಮುಂದೆ ಹೋಗಬೇಡಿ. ನಿಮ್ಮ ಊರಲ್ಲಿ, ನಿಮ್ಮ ಮನೆಯಲ್ಲಿ, ಎಪ್ಪತ್ತು, ಎಂಬತ್ತು, ತೊಂಬತ್ತರ ದಶಕದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ನಮ್ಮ ಹೆಣ್ಣುಮಗಳು ಒಬ್ಬರಾದರೂ ಇರ್ತಾರೆ. ಚಿಕ್ಕಮ್ಮನೋ, ಅತ್ತೆಯೋ, ನಿಮಗೆ ಅ ಆ ಕಲಿಸಿದ ಟೀಚರೋ. ಅವರ ಹತ್ತಿರ ಹೋಗಿ ಕೂತ್ಕೊಳ್ಳಿ. ಯಾವ ವರ್ಷ, ಯಾವ ಕಾಲೇಜು, ಆಗ ಹೊರಗೆ ಏನು ನಡೀತಿತ್ತು, ಗೇಟಿಗೆ ಬೀಗ ಹಾಕಿದವರು ಯಾರು, ಬೀಗ ತೆಗೆದವರು ಯಾರು ಅಂತ ಕೇಳಿ. ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅವರು ಬೇಡ ಅಂದರೆ ಹೆಸರು ಬಿಡಿ, ಕೆಲಸ ಬರೆಯಿರಿ. ಬೇಗ ಹೋಗಿ. ಬೂಸಾ ಕಾಲದ ಹುಡುಗಿಯರಿಗೆ ಈಗ ಎಪ್ಪತ್ತರ ಹತ್ತಿರ.

ನಿನ್ನೆ ಸಂಜೆ ನಾನು ಆ ಅಕ್ಕನ ಮನೆಗೆ ನೋಟ್‌ಬುಕ್ ತಗೊಂಡು ಹೋಗಿದ್ದೆ. "ನನ್ನದೇನಿದೆ ಬರೆಯೋಕೆ, ಹೋಗಮ್ಮ" ಅಂದರು. ಕಾಫಿ ಕೊಟ್ಟರು. ನಾನು ಹೊರಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರೇ ಎದ್ದು ಹೋಗಿ ಟ್ರಂಕ್ ತೆಗೆದು ಒಂದು ಹಳೇ ಹಾಳೆ ತಂದರು. ಕೇರಿಯ ಹೆಣ್ಣುಮಕ್ಕಳ ಪಟ್ಟಿ. ಅವರ ಮೊದಲ ಪೋಸ್ಟಿಂಗಿನದ್ದು. ಹದಿನೇಳು ಹೆಸರು, ಎದುರಿಗೆ ಹುಟ್ಟಿದ ತಾರೀಖು. ನಾಲ್ಕು ಹೆಸರಿನ ಮುಂದೆ ಆಮೇಲೆ ಬೇರೆ ಪೆನ್ನಿನಲ್ಲಿ ಬರೆದಿತ್ತು, ಬಿಎ.

ಜೈಭೀಮ್.